ಕೊಡ ಹೊತ್ತವರ ಸಂಘ

ಮಾಲೇಕಲ್ಲು ಬೆಟ್ಟ ಹತ್ತುವವರಿಗೆ ಶನಿವಾರ ಕುಡಿಯುವ ನೀರು ಕೊಡುವುದು ನಮ್ಮ ಸಂಘದ ಕೆಲಸ. ಒಂದು ಸಲ ಒಂದು ಕೊಡ ನೀರನ್ನು ಅರ್ಧ ಬೆಟ್ಟದ ಮಂಟಪಕ್ಕೆ ಹೊತ್ತರೆ ಸಾಕು, ಯಾರು ಬೇಕಾದರೂ ಸದಸ್ಯರು. ಆದರೆ ಅಲ್ಲಿ ಯಾರ ಹೆಸರನ್ನೂ ಫೋಟೋವನ್ನೂ ಹಾಕುವಂತಿಲ್ಲ. ನಿಯಮ ಬದಲಿಸಬೇಕೆಂದರೆ ಈ ತಿಂಗಳು ಹೇಳಿ, ಮುಂದಿನ ತಿಂಗಳು ಅದೇ ಮಂಟಪದಲ್ಲಿ ಕೈ ಎತ್ತಿ ತೀರ್ಮಾನಿಸಬೇಕು.

ಚುನಾವಣೆ ಹತ್ತಿರ ಬಂದಾಗ, ಅದಕ್ಕೆ ನಿಲ್ಲಲು ಹೊರಟಿದ್ದ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತು. ಟೆಂಪೊಗಳಲ್ಲಿ ಹುಡುಗರನ್ನು ತುಂಬಿಕೊಂಡು ಬಂದರು. ಅವರೆಲ್ಲ ತಲಾ ಒಂದು ಕೊಡ ಹೊತ್ತರು, ಸೆಲ್ಫಿ ತೆಗೆದುಕೊಂಡರು, ಸದಸ್ಯರಾದರು. ನಮಗಿಂತ ಅವರೇ ಹೆಚ್ಚಾದರು. ಹೆಸರು ಹಾಕಬಾರದೆಂಬ ನಿಯಮ ತೆಗೆಯಬೇಕೆಂದು ಆ ದಿನದ ಸಭೆಯಲ್ಲೇ ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. ಸಂಜೆಯೇ ಸಂಘ ಕಟ್ಟಿದ ಅಕ್ಕನ ಮನೆಗೆ ಹೋದೆ.

"ನಾಳೆ ಹಳಬರಷ್ಟೇ ಸೇರೋಣ ಅಕ್ಕ. ಹೊಸಬರಿಗೆ ವೋಟಿಲ್ಲ ಅಂತ ಮಾಡಿಬಿಡೋಣ" ಎಂದೆ.

"ಅವ್ರೂ ನೀರು ಹೊತ್ತವ್ರೆ ಕಣಪ್ಪ. ತಿಂಗಳು ಕಾಯಬೇಕು ಅಂತ ಐತೆ, ಕಾಯೋಣ."

"ಸೋತರೆ?"

"ಸೋಲ್ತೀವಿ" ಎಂದು ಅಕ್ಕ ಕಾಫಿಗೆ ನೀರಿಡಲು ಎದ್ದರು.

ಆ ತಿಂಗಳು ನನಗೆ ಊಟ ಸೇರಲಿಲ್ಲ. ಅಂಗಡಿಯಲ್ಲಿ ಕೂತರೆ ಏಳಬೇಕೆನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುತ್ತಿರಲಿಲ್ಲ. ನಾವು ಸೋತ ಮೇಲೆ ಮಂಟಪದ ಕಂಬಕ್ಕೆ ಕಟ್ಟುವ ಫ್ಲೆಕ್ಸಿನಲ್ಲಿ ಆ ಮನುಷ್ಯ ಕೈಮುಗಿದು ನಗುವುದೇ ಕಣ್ಣಿಗೆ ಕಟ್ಟುತ್ತಿತ್ತು. ಅಕ್ಕನ ಮೇಲೂ ಸಿಟ್ಟು ಬರುತ್ತಿತ್ತು.

ಸಭೆಯ ದಿನ ಟೆಂಪೊಗಳು ಬಂದವು. ಬಿಸಿಲು ಚುರುಗುಟ್ಟುತ್ತಿತ್ತು. ವ್ಯಾಪಾರಿ ಕೆಳಗಿನಿಂದಲೇ ಫೋನ್ ಮಾಡಿ, "ಹತ್ತೋದ್ಯಾಕೆ, ಇಲ್ಲೇ ಮೀಟಿಂಗ್ ಮುಗಿಸೋಣ ಬನ್ರೀ" ಎಂದರು. ಜಾಗ ಬದಲಿಸುವುದಕ್ಕೂ ಒಂದು ತಿಂಗಳು ಕಾಯಬೇಕಾಗುತ್ತದೆ ಎಂದೆ. ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ಅವರ ಕಡೆಯಿಂದ ಹತ್ತಿ ಬಂದವರು ನಾಲ್ಕೈದು ಹುಡುಗರಷ್ಟೇ. ಕೈ ಎತ್ತಿಸಿದೆವು, ನಿಯಮ ಉಳಿಯಿತು.

ಮುಂದಿನ ಶನಿವಾರ ಹಾರನಹಳ್ಳಿ ಬಸ್ಸಿನಿಂದ ಇಳಿದವರೊಬ್ಬರು ನನ್ನ ಹತ್ತಿರ ಬಂದು, ತಾವೂ ಒಂದು ಕೊಡ ಹೊರುವುದಾಗಿ ಹೇಳಿದರು. ಮೊದಲಾಗಿದ್ದರೆ ಮಾತಿಲ್ಲದೆ ಕೊಡುತ್ತಿದ್ದೆ.

"ಯಾರ ಕಡೆಯೋರು ನೀವು?" ಎಂದೆ.

"ಯಾರ ಕಡೆಯೋನೂ ಅಲ್ಲ ಸಾರ್. ಹೋದ ವಾರ ನಮ್ಮಪ್ಪನ್ನ ಕರ್ಕಂಡು ಬಂದಿದ್ದೆ. ಸುಸ್ತಾಗಿ ಕೂತಿದ್ರು, ನೀವೇ ನೀರು ಕೊಟ್ರಿ."

ನಾನು ಕೊಡದ ಮೇಲಿನ ಕೈ ತೆಗೆಯಲಿಲ್ಲ. ಅಕ್ಕ ಬಂದು ನನ್ನ ಕೈ ಬಿಡಿಸಿ, ಕೊಡವನ್ನು ಅವರ ಹೆಗಲಿಗೆ ಎತ್ತಿಕೊಟ್ಟರು.