ವೇಷದಂಗಡಿಯ ಮುಜಾಫರ್ ಆಟಕ್ಕೆ ಸೇರಿದ್ದು

ಮುಜಾಫರ್ ಕಳೆದ ಭಾನುವಾರ ಮಧ್ಯಾಹ್ನ ಬಳ್ಳಾರಿಯ ಪಾರ್ವತಿನಗರದ ತನ್ನ ಮನೆಯಲ್ಲಿ, ಮಕ್ಕಳ ಜೊತೆ ಆಡುತ್ತಿದ್ದಾಗ ತೀರಿಕೊಂಡ. ನಲವತ್ತಾರು ವರ್ಷ. ಹೃದಯ ನಿಂತಿದೆ ಎಂದರು ಡಾಕ್ಟರು. ಅಷ್ಟು ನಮಗೂ ಗೊತ್ತಾಗಿತ್ತು.

ದಫನ್ ಮುಗಿಸಿ ಬರುವಾಗ ಒಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, ಬಹಳ ಒಳ್ಳೆಯ ಮನುಷ್ಯ ಎಂದು ಕಣ್ಣೊರೆಸಿಕೊಂಡು, ಬುಧವಾರಕ್ಕೆ ಹೇಳಿಟ್ಟಿದ್ದ ಕೃಷ್ಣನ ಕಿರೀಟ ಸಿಗುತ್ತದೆಯೇ ಎಂದು ವಿಚಾರಿಸಿದರು. ಮುಜಾಫರ್ ಇದ್ದಿದ್ದರೆ ಬೇಜಾರಾಗುತ್ತಿರಲಿಲ್ಲ. ಮಗುವಿನ ತಲೆ ಎಷ್ಟು ದಪ್ಪ ಎಂದು ಕೇಳುತ್ತಿದ್ದ.

ಬ್ರೂಸ್‌ಪೇಟೆಯಲ್ಲಿ ಅವನದು ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ. ಶಾಲೆಗಳಲ್ಲಿ ಛದ್ಮವೇಷ ಸ್ಪರ್ಧೆ ಬಂತೆಂದರೆ ಅಲ್ಲಿಂದ ಓಬವ್ವರ ಒಂದು ದಂಡೇ ಹೊರಡುತ್ತಿತ್ತು. ದಂಡಿನ ಅಷ್ಟೂ ಜನ ವೇದಿಕೆಗೆ ಹೋಗಿ ಅಳುತ್ತಿದ್ದರು. ತಾಯಂದಿರು ಕೆಳಗೆ ನಿಂತು ಡೈಲಾಗು ಕೂಗುತ್ತಿದ್ದರು. ಬಹುಮಾನ ಮಾತ್ರ ಮರದ ವೇಷ ಹಾಕಿ ‘ನನ್ನನ್ನು ಕಡಿಯಬೇಡಿ’ ಎಂದ ಮಗುವಿಗೆ. ತೀರ್ಪುಗಾರರಿಗೆ ಪರಿಸರದ ಮೇಲೆ ಅಷ್ಟು ಕಾಳಜಿ. ಮರ ಥರ್ಮಾಕೋಲಿನದು.

ಮುಜಾಫರನಿಗೆ ಇದ್ದ ಕಾಯಿಲೆ ಒಂದೇ, ತಿದ್ದುವುದು. ಕುರುಗೋಡಿನ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ, ರಾಜ ಯುದ್ಧ ಸಾರುತ್ತಿರುವಾಗ, ಮೀಸೆ ಓರೆಯಾಗಿದೆ ಎಂದು ಇವನು ವೇದಿಕೆ ಹತ್ತಿ ಸರಿಮಾಡಿ ಇಳಿದು ಬಂದ. ಜನ ಚಪ್ಪಾಳೆ ತಟ್ಟಿದರು. ಶತ್ರು ರಾಜ್ಯದ ದೂತ ಇರಬೇಕು ಎಂದುಕೊಂಡಿದ್ದರಂತೆ.

ಈ ಕಾಯಿಲೆಯಿಂದಲೇ ಸ್ವಂತ ಮನೆಯಲ್ಲಿ ಅವನನ್ನು ಯಾರೂ ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಎಂಟು ವರ್ಷದ ಮಗಳು ಆಸ್ಫಿಯಾ, ನಾಲ್ಕು ವರ್ಷದ ಮಗ ನಾಸಿರ್, ಪಕ್ಕದ ಮನೆಯ ಅನಿತಾಳ ಮಗ, ಮೂವರೂ ದಿನಾ ವೇಷ ಹಾಕಿ ಆಡುತ್ತಿದ್ದರು. ಊರಿಗೆಲ್ಲ ವೇಷ ಕೊಡುವವನ ಮಕ್ಕಳಿಗೆ ತಾವಾಗಿ ಅಂಗಡಿಯ ಒಂದು ಜರಿ ಮುಟ್ಟಲೂ ಅನುಮತಿ ಇರಲಿಲ್ಲ. ಓಢಣಿ, ಟವಲು, ಅಡುಗೆಮನೆಯ ಜರಡಿ, ಇಷ್ಟರಲ್ಲೇ ಅವರ ಪ್ರಪಂಚ. ಇವನು ಬಾಗಿಲಲ್ಲಿ ನಿಂತು ಆಸೆಯಿಂದ ನೋಡುತ್ತಿದ್ದ. ನೋಡುತ್ತ ನಿಂತಿದ್ದರೆ ಸಾಕಿತ್ತು, ಬಾಯಿ ಬಿಡುತ್ತಿದ್ದ. ಆಟ ನಿಲ್ಲುತ್ತಿತ್ತು. ಆಮೇಲೆ ನನ್ನ ಹತ್ತಿರ ಬಂದು, ‘ನಾ ಬಂದ ಕೂಡ್ಲೇ ಸುಮ್ನಾಗಿಬಿಡ್ತಾವಲೇ, ನಾನೇನು ಪೊಲೀಸೇನು?’ ಎನ್ನುತ್ತಿದ್ದ. ನಗುತ್ತ ಹೇಳುತ್ತಿದ್ದ, ಆದರೆ ಪ್ರತಿ ವಾರ ಹೇಳುತ್ತಿದ್ದ.

ಆ ಭಾನುವಾರ ನಾನು ಹೋದಾಗ ಪಡಸಾಲೆಯಲ್ಲಿ ಬಸ್ಸು ಹೊರಡುವುದರಲ್ಲಿತ್ತು. ಆಸ್ಫಿಯಾ ಶಾಲೆಯ ಚೀಲವನ್ನು ಹೊಟ್ಟೆಯ ಮೇಲೆ ಇಳಿಬಿಟ್ಟು ಕಂಡಕ್ಟರ್ ಆಗಿದ್ದಳು. ಅನಿತಾಳ ಮಗ ಸ್ಟೀಲ್ ತಟ್ಟೆ ತಿರುಗಿಸುತ್ತ ಡ್ರೈವರ್. ನಾಸಿರ್ ತಾಯಿಯ ಓಢಣಿ ಹೊದ್ದು ಮುದುಕಿಯಾಗಿ, ಕಂಕುಳಲ್ಲಿ ದಿಂಬು ಹಿಡಿದು ಕೂತಿದ್ದ.

‘ಆಧಾರ್ ತೋರಸ್ರಿ ಅಜ್ಜಿ.’

ಮುದುಕಿ ಒಂದು ಇಸ್ಪೀಟೆಲೆ ತೋರಿಸಿತು.

‘ನಿಮಗ ಫ್ರೀ ಐತಿ. ಕೋಳಿಗೆ ಟಿಕೇಟ್ ತಗೋರಿ.’

‘ಇದೂ ಹೆಣ್ಣೈತಿ,’ ಎಂದಿತು ಮುದುಕಿ.

‘ಇದರದು ಆಧಾರ್ ಎಲ್ಲೈತಿ ಮತ್ತ?’

ನಾನು ನಕ್ಕೆ. ಮುಜಾಫರ್ ನಗಲಿಲ್ಲ, ಅವನ ಕಣ್ಣು ಮಗಳ ಅಂಗಿಯ ಮೇಲಿತ್ತು. ‘ಕಂಡಕ್ಟರ್ ಅಂದ್ರ ಖಾಕಿ ಇರಬೇಕವ್ವ. ಎದೀಮ್ಯಾಲ ನಂಬರಿನ ಬಿಲ್ಲಿ ಇರಬೇಕು. ಅಂಗಡ್ಯಾಗ ಐತಿ, ತರ್ಲೇನು?’

‘ಬ್ಯಾಡ. ಅದು ಹಾಕ್ಕೊಂಡ್ರ ಇಸ್ತ್ರಿ ಕೆಡ್ತತಿ ಅಂತ ಕೂಡಾಕೂ ಬಿಡಂಗಿಲ್ಲ ನೀನು.’

ಬಸ್ಸು ನಿಂತಿತು. ಮೂವರೂ ಸುಮ್ಮನಾದರು. ಮುಜಾಫರ್ ಸೋಲನ್ನು ಮುಚ್ಚಲು ತನ್ನ ಬಾಲ್ಯ ತೆಗೆದ. ಸಿರುಗುಪ್ಪದ ಅಕ್ಕಿ ಗಿರಣಿಯ ಹಿಂದೆ, ಹರಿದ ಗೋಣಿಚೀಲಗಳಿಗೆ ಕುತ್ತಿಗೆ ತೂರಿಸಿ ನಾವು ಆಡುತ್ತಿದ್ದ ರಾಜನ ಆಟದ ಕಥೆ. ಆಸ್ಫಿಯಾ ಸಣ್ಣವಳಿದ್ದಾಗ ಈ ಕಥೆಯಲ್ಲಿ ಅವನು ಬಾಗಿಲು ಕಾಯುವವನಾಗಿದ್ದ. ನಾಸಿರ್ ಹುಟ್ಟಿದ ಮೇಲೆ ಸೇನಾಪತಿಯಾದ. ಸರ್ಕಾರಿ ನೌಕರಿಯಲ್ಲಿ ಇಷ್ಟು ಬೇಗ ಬಡ್ತಿ ಸಿಗುವುದಿಲ್ಲ.

‘ನಾನ ರಾಜ ಅವಾಗ,’ ಎಂದ. ‘ನಮಗೇನಿತ್ತು? ಗೋಣಿಚೀಲ. ಅದರಾಗೂ ಎಲ್ಲಾ ಸರಿಯಾಗಿ ಮಾಡ್ತಿದ್ವಿ.’

ನನಗೆ ತಡೆಯಲಾಗಲಿಲ್ಲ. ‘ರಾಜ ಸುಂಕಪ್ಪ ಅಲ್ಲೇನಲೇ? ಅವರಪ್ಪ ಗಿರಣಿ ವಾಚ್‌ಮನ್, ಚೀಲ ಅವಂದು. ನೀನು ಗೋಣಿ ಹೊದ್ದ ಆನಿ ಹಿಂಗಾಲು.’

‘ಏ, ಸುಮ್ಕಿರಲೇ ಅಂಜೀ.’

‘ಮುಂಗಾಲು ನಾನು. ನನಗ ಗೊತ್ತಿಲ್ಲೇನು?’

ಆಸ್ಫಿಯಾ ಚೀಲ ಸರಿಸಿಕೊಂಡು ಹತ್ತಿರ ಬಂದಳು. ‘ಖರೇನ ಅಬ್ಬಾ?’

ಮುಜಾಫರ್ ನನ್ನನ್ನು ಒಮ್ಮೆ ನೋಡಿದ. ನಲವತ್ತು ವರ್ಷದ ಸ್ನೇಹವನ್ನು ಅಳೆಯುವ ನೋಟ. ‘ಹೂಂ,’ ಎಂದ. ‘ಒಳಗ ಬಾಳ ಶೆಕಿ. ಮುಂದ ಏನ್ ನಡದೈತಿ ಅಂತ ಕಾಣತಿರಲಿಲ್ಲ. ಹೋಗು ಅಂದ್ರ ಹೋಗಾದು, ನಿಲ್ಲು ಅಂದ್ರ ನಿಲ್ಲಾದು.’

‘ಮಾತಾಡ್ತಿರಲಿಲ್ಲೇನು?’

‘ಹಿಂಗಾಲಿಗೆ ಎಲ್ಲೀ ಮಾತವ್ವ.’

ಕಂಡಕ್ಟರ್ ಡ್ರೈವರನ ಕಡೆ ನೋಡಿದಳು. ಡ್ರೈವರ್ ತಟ್ಟೆ ಕೆಳಗಿಟ್ಟು ಯೋಚಿಸಿದ. ಸಚಿವ ಸಂಪುಟದಲ್ಲೂ ಇಷ್ಟು ಗಂಭೀರವಾಗಿ ಖಾತೆ ಹಂಚುವುದಿಲ್ಲ.

‘ಹಂಗಾದ್ರ ನೀನು ರೈಲ್ವೆ ಗೇಟ್ ಆಗು,’ ಎಂದಳು ಆಸ್ಫಿಯಾ. ‘ಇಲ್ಲಿ ನಿಂದ್ರು. ಕೈ ಅಡ್ಡ ಹಿಡಿ. ನಾ ಸೀಟಿ ಹೊಡದ್ರ ಎತ್ತು.’

‘ಬಸ್ಸು ಎಲ್ಲಿಗೆ?’

‘ರಾರಾವಿಗೆ.’

‘ರಾರಾವಿಗೆ ರೈಲ ಇಲ್ಲಲ್ಲವ್ವ, ಮತ್ತ ಗೇಟ್...’

ಆಸ್ಫಿಯಾ ಸುಮ್ಮನೆ ನೋಡಿದಳು. ಮುಜಾಫರ್ ಬಾಯಿ ಮುಚ್ಚಿದ. ಅವನು ಹಾಗೆ ಅರ್ಧದಲ್ಲಿ ಮಾತು ನಿಲ್ಲಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಅಡುಗೆಮನೆಯ ಬಾಗಿಲ ಪಕ್ಕ ನಿಂತು, ಕೈಯನ್ನು ಅಡ್ಡ ಚಾಚಿದ. ಸೀಟಿ ಆಯಿತು. ಕೈ ಮೇಲೆ ಹೋಯಿತು. ಡ್ರೈವರ್, ಮುದುಕಿ, ಕೋಳಿ, ಕಂಡಕ್ಟರ್ ದಾಟಿಕೊಂಡು ರಾರಾವಿಗೆ ಹೋದರು. ರಾರಾವಿಯಲ್ಲಿ ಅವನ ಹೆಂಡತಿ ಶಬನಂ ರೊಟ್ಟಿ ಬಡಿಯುತ್ತಿದ್ದಳು. ಕೈ ಕೆಳಗೆ ಬಂತು. ಮುದುಕಿಯ ಓಢಣಿ ಅರ್ಧ ಜಾರಿ ನೆಲ ಗುಡಿಸುತ್ತಿತ್ತು; ಅದನ್ನು ನೋಡಿದ, ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನೋಡಿದೆಯಾ, ಸೇರಿಸಿಕೊಂಡರು ಎಂದು.

ಅವನ ಹಣೆ ಬೆವೆತಿತ್ತು. ಬಳ್ಳಾರಿಯಲ್ಲಿ ಬೆವರಿದವನನ್ನು ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲ.

‘ಊಟಕ್ಕ ಬರ್ರಿ,’ ಎಂದು ಶಬನಂ ಕರೆದಳು. ಗೇಟು ಮಾತಾಡಲಿಲ್ಲ. ‘ಏನ್ರೀ, ಕೇಳವಲ್ದೇನು?’ ಎಂದಳು. ಅವನು ತುಟಿಯ ಮೇಲೆ ಬೆರಳಿಟ್ಟು ನನಗೇ ಸನ್ನೆ ಮಾಡಿದ, ನಾನೂ ಸುಮ್ಮನಿರಬೇಕೆಂದು. ಆಮೇಲೆ ಮೆಲ್ಲಗೆ ಗೋಡೆಗೆ ಒರಗಿ ನೆಲಕ್ಕೆ ಕೂತ. ಕೂತರೂ ಕೈ ಅಡ್ಡವೇ ಇತ್ತು.

ರಾರಾವಿಯಿಂದ ಸೀಟಿ ಕೇಳಿತು. ಮುಜಾಫರ್ ಕೂತಲ್ಲಿಂದಲೇ ಕೈ ಎತ್ತಿ, ಮುದುಕಿ ಕೋಳಿ ಸಮೇತ ದಾಟುವವರೆಗೂ ಹಿಡಿದುಕೊಂಡಿದ್ದ.