ಕಟ್ಟೆ ಇಲ್ಲದ ಮನೆ

ಆ ಫೋಟೋದಲ್ಲಿದ್ದ ಹೆಂಗಸರು ಇಬ್ಬರೋ ಮೂವರೋ, ಈಗ ಖಾತ್ರಿಯಾಗಿ ಹೇಳಲಾರೆ. ನಗುತ್ತಿದ್ದರು ಎಂದು ಮಾತ್ರ ನೆನಪು. ಅದನ್ನೂ ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ಎರಡನೇ ಮಹಾಯುದ್ಧದ ಬಳಿಕ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಒಬ್ಬ ವಾಸ್ತುಶಿಲ್ಪಿಯ ಮೇಲೆ ನಾನು ಪಿಎಚ್.ಡಿ. ಮಾಡಿದ್ದೇನೆ. ಇಂಗ್ಲೆಂಡನ್ನು ಕಂಡಿಲ್ಲ. ಸೈನ್ಯದಿಂದ ಮರಳಿದ ಆತ, ಬಾಂಬು ಬಿದ್ದ ಓಣಿಗಳ ಜಾಗದಲ್ಲಿ ಎತ್ತರದ ಕಾಂಕ್ರೀಟ್ ಕಟ್ಟಡಗಳನ್ನು ಎಬ್ಬಿಸಿದ. ಪ್ರತಿ ಮಹಡಿಯಲ್ಲೂ ಮನೆಬಾಗಿಲುಗಳ ಮುಂದೆ ಉದ್ದನೆಯ ಗ್ಯಾಲರಿ ಇಟ್ಟು, ನೆರೆಹೊರೆಯವರು ಇನ್ನು ಇಲ್ಲಿಯೇ ಕೂತು ಮಾತಾಡುತ್ತಾರೆ ಎಂದ. ಮುಪ್ಪಿನಲ್ಲಿ ಅವುಗಳನ್ನು ಕೆಡವುವುದನ್ನೂ ನೋಡಿದ. ಜನ ಅವನನ್ನು ಅರ್ಥ ಮಾಡಿಕೊಳ್ಳಲಿಲ್ಲ ಎಂದು ನಾನು ಒಂದು ಅಧ್ಯಾಯವಿಡೀ ಮರುಗಿದ್ದೇನೆ. ಅವನ ಮಾತು ನಿಜವಾಗಿತ್ತು ಎನ್ನಲು ನನ್ನ ಸಾಕ್ಷಿ, ಗ್ಯಾಲರಿಯಲ್ಲಿ ಹರಟುವ ಹೆಂಗಸರ ಆ ಫೋಟೋ.

ಬೆಟಗೇರಿಯಲ್ಲಿ ಚಿಗವ್ವ, ಎಂದರೆ ನನ್ನ ತಾಯಿಯ ತಂಗಿ, ಹಳೆಯ ಮನೆ ತೆಗೆದು ಹೊಸದು ಕಟ್ಟಿಸುವಾಗ ನಾನು ನಕ್ಷೆ ತಿದ್ದಲು ಕೂತೆ. ಬಾಗಿಲ ಮುಂದಿನ ಕಟ್ಟೆ ಬೇಡ, ಮೇಲೊಂದು ಅಗಲವಾದ ಗ್ಯಾಲರಿ ಇರಲಿ ಎಂದೆ. ಡಾಕ್ಟರೇಟ್ ಆದವಳು ಹೇಳುತ್ತಿದ್ದಾಳೆ ಎಂದು ಎಂಜಿನಿಯರೂ ಹಾಗೆಯೇ ಗೆರೆ ಎಳೆದರು.

ಕಳೆದ ತಿಂಗಳು ಹೋದಾಗ ಚಿಗವ್ವ ಎದುರು ಮನೆಯ ಕಟ್ಟೆಯ ಮೇಲೆ ಕೂತು ಮೆಂತೆಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದಳು. ನನ್ನ ಗ್ಯಾಲರಿಯಲ್ಲಿ ಶಾವಿಗೆ ಒಣಗುತ್ತಿತ್ತು.

“ಮ್ಯಾಲ ಕುಂಡ್ರೂದಿಲ್ಲೇನು ಚಿಗವ್ವ?” ಎಂದೆ.

“ಅಲ್ಲಿ ಕುಂತ್ರ ಯಾರ್ ಬರ್ತಾರವಾ? ಓಣ್ಯಾಗ ಹೋಗಾವ್ರನ್ನ ಕೂಗಿ ಕೂಗಿ ಗಂಟಲ ಹರೀತೈತಿ.”

ಎದುರು ಮನೆಯಾಕೆ ಬಿಡಲಿಲ್ಲ. “ನಿಮ್ಮ ಚಿಗವ್ವ ಈಗ ನಮ್ಮ ಕಟ್ಟಿ ಮ್ಯಾಲ ಬಾಡಿಗಿಗೆ ಬಂದಾಳ್ರಿ. ಬಾಡಿಗಿ ಇರ್ಲಿ, ಚಾನೂ ನಾವ ಕೊಡಬೇಕು.”

ನನಗೆ ಹಟ ಬಂತು. ಇಬ್ಬರನ್ನೂ ಮೇಲಕ್ಕೆ ಕರೆದೊಯ್ದು, ಶಾವಿಗೆ ಸರಿಸಿ ಕೂಡಿಸಿ, ಮೊಬೈಲ್ ಹಿಡಿದು “ಸ್ವಲ್ಪ ನಗ್ರಿ” ಎಂದೆ. ಅಂದ ಮೇಲೆ ಬೆರಳು ಅಲ್ಲೇ ನಿಂತಿತು. ಇಂಗ್ಲೆಂಡಿನ ಆ ಹೆಂಗಸರಿಗೂ ಯಾರಾದರೂ ಹೀಗೇ ಹೇಳಿದ್ದರೇ? ಫೋಟೋ ಮಾತ್ರ ಚೆನ್ನಾಗಿ ಬಂತು. ಇನ್ನೊಂದು ಥೀಸಿಸ್ಸಿಗೆ ಸಾಕು.

ಎದುರು ಮನೆಯಾಕೆ ಇಳಿದು ಹೋದ ಮೇಲೆ ಕೇಳಿದೆ: “ಖರೇ ಹೇಳು ಚಿಗವ್ವ, ಈ ಮನಿ ನಿನ್ನ ಮನಸಿಗೆ ಬಂದೈತೇನು?”

ಅವಳು ಶಾವಿಗೆಯನ್ನು ಮತ್ತೆ ಹರವತೊಡಗಿದಳು. ಮೊನ್ನೆ ಫೋನಿನಲ್ಲಿ ಅದನ್ನೇ ಕೇಳಿದೆ. “ಚಾ ಆರಾಕತ್ತೈತಿ, ಎದುರಮನ್ಯಾಗ ಕರ್ಯಾಕತ್ತಾರ” ಎಂದು ಫೋನ್ ಇಟ್ಟಳು.