ಡ್ರಿಲ್ ಮೇಷ್ಟ್ರ ಹೊಸ ಶಿಸ್ತು
ಯಾರಿಗೂ ಸೊಪ್ಪು ಹಾಕದ ಡ್ರಿಲ್ ಮೇಷ್ಟ್ರು ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆದಮೇಲೆ ಆಸ್ಪತ್ರೆಯವರು ಮೊಬೈಲಿಗೆ ಹಾಕಿಕೊಟ್ಟ ವ್ಯಾಯಾಮದ ಆ್ಯಪ್ ಹೇಳಿದಂತೆ ಕೇಳುವುದನ್ನು ಹೆಂಡತಿ ಬೆರಗಾಗಿ ನೋಡುತ್ತಾಳೆ. ಅದು ಗುಂಯ್ ಎಂದರೆ ಸಾಕು, ಬಾಯಿಗಿಟ್ಟ ತುತ್ತನ್ನೂ ಬಿಟ್ಟು, ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಕಂಬದಂತೆ ಕೂರುತ್ತಾರೆ. ಆಗ ಮನೆಗೆ ಬೆಂಕಿ ಬಿದ್ದರೂ ಮಾತಾಡಿಸುವಂತಿಲ್ಲ. ಬಟ್ಟೆ ಒದ್ದೆಯಾಯಿತೇ, ನಿದ್ದೆ ಬಂತೇ ಎಂಬುದನ್ನೆಲ್ಲ ಅದರಲ್ಲೇ ಒತ್ತಿ ಕಳಿಸುತ್ತಾರೆ. ಅದನ್ನು ನೋಡಿ ಆಸ್ಪತ್ರೆಯಿಂದ ಮಗಳ ವಯಸ್ಸಿನ ನರ್ಸು ಫೋನಿನಲ್ಲಿ ಗದರಿದರೆ, "ಆಯ್ತು ಮೇಡಂ, ತಪ್ಪಾಯ್ತು" ಎಂದು ತಲೆಯಾಡಿಸುತ್ತಾರೆ. ಕಾಲು ಮುರಿದಾಗಲೂ "ಏನಿಲ್ಲ ಬಿಡೇ" ಎಂದಿದ್ದ ಮನುಷ್ಯ! ಮೊನ್ನೆ ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ನರ್ಸು ಮೆಲ್ಲಗೆ, "ಭಯ ಆಗುತ್ತಾ ಸರ್?" ಎಂದಳು. ಮೇಷ್ಟ್ರು ಹೆಂಡತಿಯ ಕಡೆ ತಿರುಗಿ, "ಹೂಂ ಕಣೇ, ತುಂಬಾ ಆಗುತ್ತೆ" ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರಲ್ಲಿ ಇಂಥ ಧೈರ್ಯ ಕಂಡಿರದ ಹೆಂಡತಿ ಅವರ ಕೈ ಹಿಡಿದುಕೊಂಡಳು.